ಪದ್ಮನಾಭನ ವಿಕೆಟ್ಟುಗಳು

ಎಂಟು ವಿಕೆಟ್ ತೆಗೆದವನು ಅಂಜಿನಯ್ಯ. ಪೇಪರಿನಲ್ಲಿ ಬಂದ ಹೆಸರು ಪದ್ಮನಾಭನದು. ಕೆಲಸ ಸಿಕ್ಕಿದ್ದೂ ಪದ್ಮನಾಭನಿಗೆ. ಇಡೀ ಬ್ಲಾಕಿಗೆ ಇದು ಗೊತ್ತಿತ್ತು. ಒಬ್ಬರೂ ಬಾಯಿ ಬಿಡಲಿಲ್ಲ.

ಎಪ್ಪತ್ತೈದನೇ ಇಸವಿ. ಅಂಜಿನಯ್ಯನಿಗೆ ಆಗ ಇಪ್ಪತ್ನಾಲ್ಕು. ರಾಜಾಜಿನಗರದ ಸುದರ್ಶನ ಕ್ರಿಕೆಟ್ ಕ್ಲಬ್ಬಿನಲ್ಲಿ ಮಾಲಿ. ಹೆಸರಿಗೆ ಮಾಲಿ, ನೋಡಿಕೊಳ್ಳಲು ಒಂದು ಹೂವಿನ ಗಿಡವೂ ಇರಲಿಲ್ಲ. ಇದ್ದದ್ದು ಮಣ್ಣಿನ ಪಿಚ್ಚು, ಅದರ ಮೇಲೆ ಹಾಸುವ ತೆಂಗಿನ ನಾರಿನ ಮ್ಯಾಟು, ಒಂದು ಕಬ್ಬಿಣದ ರೋಲರು. ರೋಲರಿಗೆ ಇಬ್ಬರು ಬೇಕು. ಅವನು ಒಬ್ಬನೇ ಎಳೆಯುತ್ತಿದ್ದ. ಹಗ್ಗವನ್ನು ಎದೆಗೆ ಅಡ್ಡ ಹಾಕಿಕೊಂಡು, ಮುಂದಕ್ಕೆ ಬಾಗಿ, ಹಿಮ್ಮಡಿಯನ್ನು ನೆಲಕ್ಕೆ ಊರಿ ಎಳೆಯುತ್ತಿದ್ದ. ಎದೆಯ ಮೇಲೆ ಹಗ್ಗದ ಕಪ್ಪು ಗೆರೆ ಬಿದ್ದಿತ್ತು. ಸ್ನಾನ ಮಾಡಿದರೂ ಹೋಗುತ್ತಿರಲಿಲ್ಲ.

ಬೆಳಿಗ್ಗೆ ಐದೂವರೆಗೆ ಕಾರ್ಡ್ ರೋಡ್ ದಾಟಿ ಮೈದಾನಕ್ಕೆ ಬರಬೇಕು. ಪಿಚ್ಚಿಗೆ ನೀರು ಹಾಕಬೇಕು. ಆರಿದ ಮೇಲೆ ರೋಲರ್ ಎಳೆಯಬೇಕು. ಮ್ಯಾಟನ್ನು ಹೆಗಲ ಮೇಲೆ ಹೊತ್ತು ತಂದು, ಬಿಡಿಸಿ, ಎಳೆದು, ಅಂಚಿಗೆ ಮೊಳೆ ಹೊಡೆಯಬೇಕು. ಮಳೆಯಲ್ಲಿ ನೆಂದ ಮ್ಯಾಟು ಹೆಣದಷ್ಟು ಭಾರ. ನಾರು ಚುಚ್ಚಿ ಹೆಗಲಿನ ಚರ್ಮ ಸುಲಿಯುತ್ತಿತ್ತು. ಮೂರು ಗಂಟೆಯ ಮೇಲೆ ಕ್ಲಬ್ಬಿನ ಮೆಂಬರುಗಳು ಒಬ್ಬೊಬ್ಬರೇ ಬರುತ್ತಿದ್ದರು. ಬ್ಯಾಂಕಿನವರು, ಸೆಕ್ರೆಟೇರಿಯಟ್ಟಿನವರು, ಕಾಲೇಜಿನ ಹುಡುಗರು. ಎಲ್ಲರಿಗೂ ಬ್ಯಾಟ್ ಮಾಡಬೇಕು. ಬಿಸಿಲಲ್ಲಿ ಓಡಿ ಬಂದು ಬೌಲ್ ಮಾಡಲು ಯಾರಿಗೂ ಮನಸ್ಸಿಲ್ಲ. ನೆಟ್ಸಿನಲ್ಲಿ ಬೌಲ್ ಮಾಡುವವನು ಅಂಜಿನಯ್ಯ. ಮೂರು ಗಂಟೆ, ಹನ್ನೆರಡು ಜನ, ಬರಿಗಾಲು. ಆರು ವರ್ಷ ಹೀಗೇ ಬೌಲ್ ಮಾಡಿದ್ದ. ಆ ಕ್ಲಬ್ಬಿನಲ್ಲಿ ಯಾರಿಗಾದರೂ ಬ್ಯಾಟು ನೆಟ್ಟಗೆ ಹಿಡಿಯಲು ಬಂದಿದ್ದರೆ ಅದು ಅವನ ತೋಳಿನ ದಯೆ.

ಕುಡಿಯುವ ನೀರು ಮಾತ್ರ ಹೋಸ್ ಪೈಪಿನದು. ಕ್ಲಬ್ಬಿನ ಕೋಣೆಯಲ್ಲಿ ಮಣ್ಣಿನ ಹೂಜಿ, ಅದರ ಪಕ್ಕ ಸ್ಟೀಲಿನ ಲೋಟಗಳಿದ್ದವು. ಆ ಕೋಣೆಯ ಹೊಸ್ತಿಲನ್ನು ಅವನು ದಾಟಿರಲಿಲ್ಲ. ಕಸ ಗುಡಿಸಲು ಕೂಡ ಅವನನ್ನು ಒಳಗೆ ಕರೆಯುತ್ತಿರಲಿಲ್ಲ.

ಬೌಲಿಂಗ್ ಅವನಿಗೆ ಬಂದದ್ದು ತಾತನಿಂದ. ತಾತ ದೊಡ್ಡಹನುಮಯ್ಯನಿಗೆ ಎಂಬತ್ತು ದಾಟಿತ್ತು, ಕಣ್ಣು ಮಂಜು, ಕಿವಿ ಮಂದ. ಬಿಳಿಯರ ಕಾಲದಲ್ಲಿ ದಂಡಿನ ಮೈದಾನದಲ್ಲಿ ಆಫೀಸರುಗಳಿಗೆ ಬೌಲ್ ಮಾಡುತ್ತಿದ್ದವನು.

‘ದೊರೆಗೆ ಬ್ಯಾಟ್ ಇಡ್ಕೊಳ್ಳೋ ಆಸೆ ಕಣ್ಲಾ’ ಎಂದು ಹೇಳುತ್ತಿದ್ದ. ‘ಬಿಸ್ಲಲ್ಲಿ ಓಡಿ ಓಡಿ ಚೆಂಡು ಹಾಕೋಕೆ ಅವನ ಮೈ ಬಗ್ಗಾಕಿಲ್ಲ. ಅದಕ್ಕೆ ನಮ್ಮನ್ನ ಕರೀತಿದ್ರು. ನನ್ ಚೆಂಡಿಗೆ ಅವರ ಸ್ಟಂಪು ಹಾರೋಗೋದು. ಹಾರ್ದಾಗೆಲ್ಲಾ ನಾನೇ ಓಡೋಗಿ ಎತ್ತಿ ನೆಡ್ಬೇಕು. ಔಟು ಅಂತ ಅನ್ನಂಗಿಲ್ಲ.’

ಬಿಳಿಯರು ಹೋದರು. ಬ್ಯಾಟು ಮೇಲಿನವರ ಕೈಗೆ ಬಂತು. ಚೆಂಡು ಹಾಕುವ ಕೆಲಸ ಕೇರಿಯಲ್ಲೇ ಉಳಿಯಿತು. ಅಂಜಿನಯ್ಯನ ಅಪ್ಪ ಅದನ್ನೇ ಮಾಡಿದ, ರೋಲರ್ ಎಳೆದೂ ಎಳೆದೂ ಸೊಂಟ ಬಿದ್ದು ಸತ್ತ. ಆಮೇಲೆ ಅಂಜಿನಯ್ಯ.

ಅಷ್ಟರಲ್ಲಿ ಊರಿಗೆಲ್ಲ ಕ್ರಿಕೆಟ್ಟಿನ ಹುಚ್ಚು ಹಿಡಿದಿತ್ತು. ಎಪ್ಪತ್ತೊಂದರಲ್ಲಿ ಇಂಡಿಯಾ ಹೊರದೇಶಗಳಲ್ಲಿ ಗೆದ್ದು ಬಂದ ಮೇಲೆ ರೇಡಿಯೋ ಇದ್ದ ಅಂಗಡಿಗಳ ಮುಂದೆ ಜನ ನಿಲ್ಲತೊಡಗಿದರು. ಎಪ್ಪತ್ನಾಲ್ಕರಲ್ಲಿ ಕರ್ನಾಟಕ ರಣಜಿ ಗೆದ್ದಿತು. ರಾಜಾಜಿನಗರದ ಪ್ರತಿ ಅಡ್ಡರಸ್ತೆಯಲ್ಲಿ ಇಟ್ಟಿಗೆ ಜೋಡಿಸಿ ವಿಕೆಟ್ ಮಾಡಿದರು. ಕಾರ್ಖಾನೆಗಳು, ಬ್ಯಾಂಕುಗಳು ತಮ್ಮದೇ ಟೀಮು ಕಟ್ಟಿದವು. ಚೆನ್ನಾಗಿ ಆಡುವವನನ್ನು ಕರೆದು ಕೆಲಸ ಕೊಡತೊಡಗಿದವು. ಮೊದಲು ಆಟ ಹೊಟ್ಟೆ ತುಂಬಿದವರದಾಗಿತ್ತು. ಈಗ ಹೊಟ್ಟೆ ತುಂಬಿಸುವುದೂ ಆಯಿತು. ಆ ಅನ್ನವೂ ತುಂಬಿದ ಹೊಟ್ಟೆಗಳಿಗೇ ಹೋಯಿತು.

ಎಪ್ಪತ್ನಾಲ್ಕರ ಕೊನೆಗೆ ವೆಸ್ಟ್ ಇಂಡೀಸಿನವರು ಬೆಂಗಳೂರಿಗೆ ಬಂದು ಟೆಸ್ಟ್ ಆಡಿದರು. ಮೆಂಬರುಗಳ ಊಟದ ಕ್ಯಾರಿಯರುಗಳನ್ನು ಹೊತ್ತು ಅಂಜಿನಯ್ಯ ಸ್ಟೇಡಿಯಮ್ಮಿನ ಗೇಟಿನ ತನಕ ಹೋಗಿದ್ದ. ಬಸ್ಸಿನಿಂದ ಇಳಿದ ಬೌಲರುಗಳನ್ನು ನೋಡಿದ. ಅವನಿಗಿಂತ ಕಪ್ಪು. ಅವರನ್ನು ಮುಟ್ಟಲು ಜನ ಪೊಲೀಸರ ಲಾಠಿಯನ್ನೂ ಲೆಕ್ಕಿಸದೆ ಮುಗಿಬಿದ್ದರು. ಸುದರ್ಶನ ಕ್ಲಬ್ಬಿನವರು ಆ ಕಪ್ಪು ಕೈಗಳಿಂದ ಸಹಿ ಹಾಕಿಸಿಕೊಂಡು, ಫ್ರೇಮು ಹಾಕಿಸಿ, ದೇವರ ಫೋಟೋ ಸಾಲಿನಲ್ಲಿ ತೂಗುಹಾಕಿದರು. ಅಂಜಿನಯ್ಯ ಖಾಲಿ ಕ್ಯಾರಿಯರುಗಳನ್ನು ಹೊತ್ತು ನಡೆದು ವಾಪಸು ಬಂದ. ಬಸ್ಸಿನಲ್ಲಿ ಕ್ಯಾರಿಯರ್ ಹತ್ತಿಸುವುದಿಲ್ಲ ಎಂದು ಕಂಡಕ್ಟರ್ ಇಳಿಸಿದ್ದ.

ಕ್ಲಬ್ಬಿನ ಸೆಕ್ರೆಟರಿ ವೆಂಕಟಗಿರಿ. ಸರ್ಕಾರಿ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟು. ಅವನ ಅಕ್ಕನ ಮಗ ಪದ್ಮನಾಭ. ಬಿ.ಕಾಂ. ಮುಗಿಸಿ ಎರಡು ವರ್ಷ ಮನೆಯಲ್ಲಿದ್ದ. ಬೆಳ್ಳಗೆ, ತೆಳ್ಳಗೆ, ಕನ್ನಡಕ. ತಾನು ಫಾಸ್ಟ್ ಬೌಲರ್ ಎಂದು ಹೇಳಿಕೊಳ್ಳುತ್ತಿದ್ದ. ಅವನ ಚೆಂಡು ಮ್ಯಾಟಿನ ಮೇಲೆ ಬೀಳುತ್ತಿದ್ದದ್ದೇ ಅಪರೂಪ.

ಜನವರಿಯ ಒಂದು ಭಾನುವಾರ ಕಂಟೋನ್ಮೆಂಟ್ ಕಡೆಯ ಮೈದಾನದಲ್ಲಿ ಲೀಗ್ ಮ್ಯಾಚ್ ಇತ್ತು. ಪದ್ಮನಾಭನಿಗೆ ಜ್ವರ. ಇದ್ದವರು ಹತ್ತೇ ಜನ. ಅಂಜಿನಯ್ಯ ಕಿಟ್ಟು ಹೊತ್ತುಕೊಂಡು ಹೋಗಿದ್ದ. ವೆಂಕಟಗಿರಿ ಅವನನ್ನು ಮರದ ಹಿಂದೆ ಕರೆದ.

‘ಬಿಳಿ ಪ್ಯಾಂಟು ಶರ್ಟು ಹಾಕ್ಕೋ. ಪದ್ಮನಾಭಂದು ಬ್ಯಾಗಲ್ಲಿದೆ.’

‘ನಾನಾ ಸಾರ್?’

‘ನೀನೇ. ಲಿಸ್ಟಲ್ಲಿ ಅವನ ಹೆಸ್ರಿದೆ. ಇವತ್ತು ನೀನೇ ಪದ್ಮನಾಭ. ಯಾರಾದ್ರೂ ಕೇಳಿದ್ರೆ ಬಾಯಿ ಬಿಡ್ಬೇಡ. ನೀನು ಬಾಯಿ ಬಿಟ್ರೆ ಗೊತ್ತಾಗ್ಬಿಡತ್ತೆ.’

ಬೂಟಿರಲಿಲ್ಲ. ಹತ್ತು ಜನರಲ್ಲಿ ನಾಲ್ವರ ಬ್ಯಾಗಿನಲ್ಲಿ ಎರಡನೇ ಜೊತೆ ಇತ್ತು. ಅವನ ಕಾಲಿಗೆ ಹಾಕಿದ ಬೂಟನ್ನು ಮತ್ತೆ ತಾವು ಹಾಕಬೇಕಲ್ಲ, ಯಾರೂ ಕೊಡಲಿಲ್ಲ. ಹತ್ತಿರದ ಅಂಗಡಿಯಿಂದ ಸ್ಕೂಲು ಮಕ್ಕಳ ಬಿಳಿ ಕ್ಯಾನ್ವಾಸ್ ಶೂ ತಂದರು. ಒಂದು ಬೆರಳು ಚಿಕ್ಕದು. ಮೂರನೇ ಓವರಿಗೆ ಉಗುರು ಕಿತ್ತು ಕ್ಯಾನ್ವಾಸು ಕೆಂಪಾಯಿತು.

ಅವನಿಗೆ ನೋವು ತಿಳಿಯಲಿಲ್ಲ. ಆರು ವರ್ಷ ಅವನು ಬೌಲ್ ಮಾಡಿದ್ದು ಬೇರೆಯವರ ಬ್ಯಾಟು ಪಳಗಲಿ ಎಂದು. ಮೊದಲ ಬಾರಿಗೆ ಎದುರಿನವನನ್ನು ಉರುಳಿಸಲು ಚೆಂಡು ಕೈಗೆ ಬಂದಿತ್ತು. ಓಡಿ ಬಂದ. ಎಸೆದ. ನಡುವಿನ ಸ್ಟಂಪು ಬುಡಸಮೇತ ಕಿತ್ತು ಹಾರಿ ಹಿಂದೆ ಬಿತ್ತು. ಅಂಪೈರ್ ಬೆರಳೆತ್ತುವುದೂ ಬೇಕಿರಲಿಲ್ಲ. ಓಡಿ ಹೋಗಿ ಸ್ಟಂಪನ್ನು ನೆಡಲು ಕಾಲು ತಾನಾಗಿಯೇ ಮುಂದಾಯಿತು. ಅಂಪೈರ್ ನಕ್ಕು, ‘ಅದು ನನ್ನ ಕೆಲಸ, ನೀವು ಬೌಲ್ ಮಾಡಿ’ ಎಂದ.

ನೀವು ಎಂದ.

ಹತ್ತೊಂಬತ್ತು ರನ್ನಿಗೆ ಎಂಟು ವಿಕೆಟ್. ವಿಕೆಟ್ ಬಿದ್ದಾಗಲೆಲ್ಲ ಸುದರ್ಶನ ಕ್ಲಬ್ಬಿನವರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಅವನತ್ತ ದೂರದಿಂದ ಚಪ್ಪಾಳೆ ತಟ್ಟಿ ‘ಗುಡ್ ಪದ್ದು’ ಎಂದರು. ಆಟ ಮುಗಿದ ಮೇಲೆ ಎದುರು ತಂಡದ ಕ್ಯಾಪ್ಟನ್ ಓಡಿ ಬಂದು ಅವನ ಕೈ ಹಿಡಿದು ಕುಲುಕಿದ.

‘ಏನ್ ಸ್ಪೀಡ್ ಗುರು ನಿಂದು! ಚೆಂಡು ಕಣ್ಣಿಗೇ ಕಾಣ್ಲಿಲ್ಲ. ಹೆಸರೇನಪ್ಪಾ?’

ಅಂಜಿನಯ್ಯ ಬಾಯಿ ತೆರೆದ. ಹಿಂದಿನಿಂದ ವೆಂಕಟಗಿರಿಯ ದನಿ ಬಂತು.

‘ಪದ್ಮನಾಭ ಅಂತ. ನಮ್ಮಕ್ಕನ ಮಗ.’

ಪ್ಯಾಂಟು ಶರ್ಟು ವಾಪಸು ಕೇಳಲಿಲ್ಲ. ಇಟ್ಕೋ ಎಂದರು. ಅದು ಅವರ ದೊಡ್ಡ ಮನಸ್ಸು ಎಂದು ಆ ದಿನ ಅಂಜಿನಯ್ಯ ತಿಳಿದುಕೊಂಡ. ಅವನು ಹಾಕಿದ್ದನ್ನು ಅವರ ಮನೆಯ ಬಟ್ಟೆಯ ಜೊತೆ ಒಗೆಯುವಂತಿಲ್ಲ ಎನ್ನುವುದು ಆಮೇಲೆ ಹೊಳೆಯಿತು.

ಜ್ವರ ಬಿಟ್ಟರೂ ಪದ್ಮನಾಭ ಮೈದಾನಕ್ಕೆ ಇಳಿಯಲಿಲ್ಲ. ಪೇಪರಿನಲ್ಲಿ ಹೆಸರು ಬಂದದ್ದರ ರುಚಿ ಅವನಿಗೂ ಅವನ ಮಾವನಿಗೂ ಹತ್ತಿತ್ತು. ಇನ್ನೂ ಐದು ಮ್ಯಾಚ್ ಅಂಜಿನಯ್ಯ ಪದ್ಮನಾಭನಾದ. ಒಟ್ಟು ಮೂವತ್ತನಾಲ್ಕು ವಿಕೆಟ್. ಪದ್ಮನಾಭನ ತಾಯಿ ಪೇಪರಿನ ತುಂಡುಗಳನ್ನು ಕತ್ತರಿಸಿ ಪುಸ್ತಕಕ್ಕೆ ಅಂಟಿಸಿದಳು.

ಎಂಟನೇ ಕ್ಲಾಸಿನ ತನಕ ಓದಿದ್ದ ಅಂಜಿನಯ್ಯ ಒಂದು ದಿನ ಧೈರ್ಯ ಮಾಡಿ ಕೇಳಿದ.

‘ಸಾರ್, ನನ್ನ ಹೆಸ್ರಲ್ಲೇ ಆಡ್ಬೋದಲ್ಲ. ಲಿಸ್ಟಿಗೆ ಸೇರಿಸಿ ಸಾರ್.’

ವೆಂಕಟಗಿರಿಗೆ ಸಿಟ್ಟೇನೂ ಬರಲಿಲ್ಲ. ಮಗುವಿಗೆ ತಿಳಿಹೇಳುವಂತೆ ಹೇಳಿದ. ‘ನೋಡಪ್ಪ ಅಂಜಿನಿ, ಲಿಸ್ಟಿಗೆ ಸೇರಿದ್ರೆ ನೀನು ಮೆಂಬರ್ ಆಗ್ತೀಯ. ಮೆಂಬರ್ ಆದ್ರೆ ಊಟಕ್ಕೆ ಎಲ್ಲರ ಜೊತೆ ಕೂರ್ಬೇಕು. ನನಗೇನೂ ಇಲ್ಲ. ಮಿಕ್ಕವರು ಒಪ್ಪಲ್ವಲ್ಲ. ಬೌಲ್ ಮಾಡೋಕೆ ಸಿಗ್ತಾ ಇದೆ ಅಲ್ವಾ? ಹೆಸರು ಇಟ್ಕೊಂಡು ಏನ್ ಮಾಡ್ತೀಯ?’

ಫೆಬ್ರವರಿಯಲ್ಲಿ ಪದ್ಮನಾಭನಿಗೆ ಕೆಲಸ ಸಿಕ್ಕಿತು. ದೊಡ್ಡ ಕಾರ್ಖಾನೆ. ಕ್ರಿಕೆಟ್ ಕೋಟಾ. ಇಂಟರ್‌ವ್ಯೂನಲ್ಲಿ ಪೇಪರಿನ ತುಂಡುಗಳನ್ನು ನೋಡಿ ಅಲ್ಲೇ ಆರ್ಡರ್ ಕೊಟ್ಟರಂತೆ. ಕ್ಲಬ್ಬಿನವರು ಛತ್ರ ಗೊತ್ತುಮಾಡಿ ಸನ್ಮಾನ ಇಟ್ಟುಕೊಂಡರು, ಸನ್ಮಾನದ ಜೊತೆ ಊಟ. ಕುರ್ಚಿ ಹಾಕಲು ಅಂಜಿನಯ್ಯನಿಗೆ ಕರೆ ಬಂತು. ಎಂಜಲೆಲೆ ಎತ್ತಲು ಅವನ ತಾಯಿ ನರಸಮ್ಮನಿಗೂ ಬಂತು. ವೆಂಕಟಗಿರಿಯ ಮನೆ ಸೇರಿ ಬ್ಲಾಕಿನ ಏಳು ಮನೆಗಳ ಬಚ್ಚಲು, ಕಕ್ಕಸು ತೊಳೆಯುತ್ತಿದ್ದವಳು ಅವಳೇ.

ಎಂಟು ವಿಕೆಟ್ಟಿನ ಆ ಚೆಂಡನ್ನು ಮರದ ಪೀಠದ ಮೇಲೆ ಕೂರಿಸಿ, ಕೆಳಗೆ ಬೆಳ್ಳಿ ತಗಡು ಹೊಡೆಸಿದ್ದರು. ತಗಡಿನ ಮೇಲೆ ಪದ್ಮನಾಭನ ಹೆಸರು. ಹಾರ ಹಾಕಿಸಿಕೊಂಡು ಅವನು ಭಾಷಣ ಮಾಡಿದ. ಪರಿಶ್ರಮ ಎಂದ. ಸಾಧನೆ ಎಂದ. ಮುಂದಿನ ಸಾಲಿನಿಂದ ಯಾರೋ ಹಿರಿಯರು, ‘ಚೆಂಡು ಹೇಗೆ ಹಿಡೀತೀಯಪ್ಪ, ಸ್ವಲ್ಪ ತೋರ್ಸು’ ಎಂದರು. ಪದ್ಮನಾಭ ಚೆಂಡನ್ನು ಪೀಠದಿಂದ ಎತ್ತಿ ಹಿಡಿದು ತೋರಿಸಿದ. ಐದು ಬೆರಳಲ್ಲೂ ಹಿಡಿದಿದ್ದ, ಸಂತೆಯಲ್ಲಿ ಮೂಸಂಬಿ ಆರಿಸುವವರ ಹಾಗೆ.

ಗೋಡೆಯ ಪಕ್ಕ ನಿಂತಿದ್ದ ಅಂಜಿನಯ್ಯನಿಗೆ ನಗು ಬಂತು. ತಡೆಯಲಾಗಲಿಲ್ಲ. ನಗು ಛತ್ರಕ್ಕೆಲ್ಲ ಕೇಳಿಸಿತು. ಎಲ್ಲರೂ ತಿರುಗಿದರು.

ಊಟ ಮುಗಿದ ಮೇಲೆ ವೆಂಕಟಗಿರಿ ಹಿತ್ತಿಲಿಗೆ ಬಂದ. ಜೊತೆಗೆ ಪದ್ಮನಾಭ, ಇನ್ನೂ ನಾಲ್ಕು ಜನ. ನರಸಮ್ಮ ಎಲೆ ಬುಟ್ಟಿ ಹೊತ್ತು ನಿಂತಿದ್ದಳು. ಸಾರು ಕೈಯಿಂದ ಮೊಣಕೈಗೆ ಇಳಿಯುತ್ತಿತ್ತು.

‘ನಿನ್ನ ಮಗಂಗೆ ಕೊಬ್ಬು ಜಾಸ್ತಿ ಆಗಿದೆ’ ಎಂದ ವೆಂಕಟಗಿರಿ. ‘ಸನ್ಮಾನದಲ್ಲಿ ನಗ್ತಾನೆ. ಇವನ ಕಾಲಿಗೆ ಬಿದ್ದು ತಪ್ಪಾಯ್ತು ಅನ್ನು.’

‘ಅಮ್ಮ ಯಾಕೆ ಸಾರ್ ಬೀಳ್ಬೇಕು? ನಕ್ಕಿದ್ದು ನಾನು’ ಎಂದ ಅಂಜಿನಯ್ಯ.

‘ನೀನು ಬಿದ್ರೆ ನಿಂಗೆ ನೆನಪಿರಲ್ಲ. ಅವಳು ಬಿದ್ರೆ ನೆನಪಿರತ್ತೆ.’

ನರಸಮ್ಮ ಬುಟ್ಟಿ ಇಳಿಸಿದಳು. ಏಳು ಮನೆಯ ಕೆಲಸ ಅವಳ ಕಣ್ಣ ಮುಂದೆ ಬಂದಿರಬೇಕು. ಬಾಗಿದಳು. ಪದ್ಮನಾಭ ಎರಡು ಹೆಜ್ಜೆ ಹಿಂದೆ ಸರಿದ.

‘ಆ ಕೈಯಲ್ಲಿ ಮುಟ್ಬೇಡ. ಅಲ್ಲಿಂದ್ಲೇ ಬೀಳು.’

ಅವಳು ಅಲ್ಲಿಂದಲೇ ಬಿದ್ದಳು. ಎಂಜಲು ನೀರು ಹರಿದ ನೆಲದ ಮೇಲೆ, ಹಣೆ ಊರಿ.

ತಾಯಿ ಮಗ ಮನೆಯ ದಾರಿ ಹಿಡಿದರು. ಕಾರ್ಡ್ ರೋಡ್ ದಾಟಿ, ಸೈಟಿನ ಕಲ್ಲುಗಳನ್ನು ನೆಟ್ಟಿದ್ದ ಹೊಲಗಳ ನಡುವೆ ನಡೆದು, ಕೇರಿಯ ಬಾಯಿಗೆ ಬಂದಾಗ ನರಸಮ್ಮ ನಿಂತಳು.

‘ಆ ಚೆಂಡು ನಿಂದೇನ್ಲಾ?’

‘ಊಂ ಕಣಮ್ಮ.’

‘ನಾನು ಅಂಜಿನಿ ಅಂತ ಒಬ್ಬನ್ನ ಹೆತ್ತೆ. ಪದ್ಮನಾಭ ಅಂತ ಯಾರನ್ನೂ ಹೆತ್ತಿಲ್ಲ. ಇನ್ನೊಂದು ಸಲ ಆ ಹೆಸ್ರಲ್ಲಿ ಆಡಿದ್ರೆ ನನ್ನ ಅಮ್ಮ ಅನ್ಬೇಡ.’

‘ಒಂದೇ ಒಂದು ಸಲ ಆಡ್ತೀನಿ’ ಎಂದ ಅಂಜಿನಯ್ಯ. ‘ಕೊನೇ ಸಲ. ಅದಾದ್ಮೇಲೆ ಆ ಹೆಸ್ರು ಉಳಿಯಲ್ಲ.’

ಮಾರ್ಚಿನ ಎರಡನೇ ಭಾನುವಾರ ಕೊನೆಯ ಮ್ಯಾಚ್. ಗೆದ್ದರೆ ಸುದರ್ಶನ ಕ್ಲಬ್ ಮೊದಲ ಡಿವಿಜನ್ನಿಗೆ ಏರುತ್ತಿತ್ತು. ವೆಂಕಟಗಿರಿ ಆಳು ಕಳಿಸಿ ಕರೆಸಿದ.

‘ಆಗಿದ್ದು ಆಯ್ತು. ಚೆನ್ನಾಗಿ ಹಾಕು. ನಿಮ್ಮಮ್ಮನ ಕೆಲಸಕ್ಕೇನೂ ತೊಂದರೆ ಆಗಲ್ಲ.’

‘ಆಯ್ತು ಸಾರ್.’

ಗುರುವಾರ ಅಂಜಿನಯ್ಯ ಬಿಳಿ ಅಂಗಿ ಹಾಕಿಕೊಂಡು ಕಾರ್ಖಾನೆಗೆ ಹೋದ. ಗೇಟಿನಲ್ಲಿ ಎರಡು ಗಂಟೆ ನಿಂತ. ಸ್ಪೋರ್ಟ್ಸ್ ಆಫೀಸರ್ ಪುರುಷೋತ್ತಮ ಊಟಕ್ಕೆ ಹೊರಗೆ ಬಂದಾಗ ಎದುರು ಹೋಗಿ ಕೈಮುಗಿದ.

‘ಸುದರ್ಶನ ಕ್ಲಬ್ಬಿಂದ ಬಂದಿದೀನಿ ಸಾರ್. ಭಾನುವಾರ ನಿಮ್ಮ ಪದ್ಮನಾಭ ಅವರ ಬೌಲಿಂಗ್ ಇದೆ. ನಮ್ಮ ಮೈದಾನದಲ್ಲೇ ಲೀಗಿನ ಕೊನೇ ಮ್ಯಾಚು. ನೀವು ಬರ್ಬೇಕು.’

ಪುರುಷೋತ್ತಮನ ಮುಖ ಅರಳಿತು. ‘ಒಳ್ಳೇದಾಯ್ತು ಬಿಡಪ್ಪ. ಸೇರಿ ಮೂರು ವಾರ ಆಯ್ತು, ಭುಜ ನೋವು ಅಂತ ಒಂದು ಚೆಂಡೂ ಹಾಕಿಲ್ಲ ಅವನು. ಭಾನುವಾರ ಹಾಕ್ತಾನಾ?’

‘ಹಾಕ್ತಾರೆ ಸಾರ್. ನೀವು ಮೂರು ಗಂಟೆ ಮೇಲೆ ಬನ್ನಿ.’

ಭಾನುವಾರ ಮೈದಾನದ ಸುತ್ತ ಜನ ಸೇರಿದ್ದರು. ಬ್ಲಾಕಿನವರೆಲ್ಲ ಬಂದಿದ್ದರು. ಹೆಂಗಸರು ಕಾಂಪೌಂಡಿನ ಮೇಲಿಂದ ನೋಡುತ್ತಿದ್ದರು. ಬೌಲ್ ಮಾಡುತ್ತಿರುವವನು ಮಾಲಿ ಅಂಜಿನಿ ಎಂದು ಎಲ್ಲರಿಗೂ ಗೊತ್ತು. ‘ಕಮಾನ್ ಪದ್ದು’ ಎಂದು ಎಲ್ಲರೂ ಕೂಗಿದರು. ಆ ಕೂಗು ಅಂಜಿನಯ್ಯನ ಹಲ್ಲಿನ ಸಂದಿಗೆ ಮರಳಿನ ಹಾಗೆ ಸಿಕ್ಕಿಕೊಂಡಿತು. ಅಗಿದು ಅಗಿದು ಬೌಲ್ ಮಾಡಿದ. ಪದ್ಮನಾಭ ಎಂದಿನಂತೆ ಮನೆಯಲ್ಲಿ ಅಡಗಿದ್ದ.

ಸುದರ್ಶನ ಕ್ಲಬ್ ನೂರ ನಲವತ್ತೆರಡು ರನ್ ಮಾಡಿತ್ತು. ಎದುರಿನವರು ನೂರ ನಲವತ್ತಕ್ಕೆ ಒಂಬತ್ತು ವಿಕೆಟ್ ಕಳೆದುಕೊಂಡರು. ಅದರಲ್ಲಿ ಏಳು ಅಂಜಿನಯ್ಯನವು. ಗೆಲ್ಲಲು ಅವರಿಗೆ ಮೂರು ರನ್. ಇವರಿಗೆ ಒಂದು ವಿಕೆಟ್. ಕೊನೆಗೆ ಬಂದವನು ಬ್ಯಾಟನ್ನು ಎಲ್ಲಿಡಬೇಕೆಂದು ತಿಳಿಯದ ದಪ್ಪ ಮನುಷ್ಯ. ಅಂಜಿನಯ್ಯನಿಗೆ ಒಂದು ಚೆಂಡು ಸಾಕು.

ಸ್ಕೋರರುಗಳ ಮೇಜಿನ ಪಕ್ಕದ ಕುರ್ಚಿಯಲ್ಲಿ ಪುರುಷೋತ್ತಮ ಬಂದು ಕೂತು ಹತ್ತು ನಿಮಿಷವಾಗಿತ್ತು. ಅತ್ತಿತ್ತ ನೋಡುತ್ತಿದ್ದ. ಯಾರನ್ನೋ ಹುಡುಕುತ್ತಿದ್ದ.

ಅಂಜಿನಯ್ಯ ಓಡಲು ಶುರು ಮಾಡಿದ. ಅರ್ಧಕ್ಕೆ ನಿಂತ. ಚೆಂಡನ್ನು ಕೈಯಲ್ಲಿ ಹಿಡಿದು ಪಿಚ್ಚನ್ನು ಬಿಟ್ಟು ಸ್ಕೋರರುಗಳ ಮೇಜಿನ ಕಡೆ ನಡೆದ. ಎದುರು ತಂಡದ ಸ್ಕೋರರ್ ಮುನಿರಾಜು ಪೆನ್ಸಿಲ್ ಹಿಡಿದು ತಲೆ ಎತ್ತಿದ.

‘ಬೌಲರ್ ಹೆಸ್ರು ಏನಂತ ಬರ್ದಿದೀರ?’

‘ಪದ್ಮನಾಭ. ಯಾಕೆ?’

‘ತಪ್ಪು ಬರ್ದಿದೀರ. ನನ್ನ ಹೆಸ್ರು ಅಂಜಿನಯ್ಯ. ನರಸಮ್ಮನ ಮಗ. ಈ ಮೈದಾನದ ಮಾಲಿ. ಹಳೇ ಮ್ಯಾಚಿನ ಮೂವತ್ನಾಕೂ ನಂದೇ. ಇವತ್ತಿನ ಏಳೂ ನಂದೇ.’

ವೆಂಕಟಗಿರಿ ಪಂಚೆ ಎತ್ತಿಕೊಂಡು ಓಡಿ ಬಂದ. ‘ಬಿಸ್ಲಿಗೆ ತಲೆ ಕೆಟ್ಟಿದೆ ಅವನಿಗೆ, ಏನೇನೋ ಮಾತಾಡ್ತಾನೆ. ನೀವು ಬರ್ಕೊಳ್ರೀ.’

ಪುರುಷೋತ್ತಮ ಎದ್ದು ನಿಂತ. ‘ಒಂದ್ನಿಮಿಷ. ನಮ್ಮ ಕಾರ್ಖಾನೆಯ ಸ್ಪೋರ್ಟ್ಸ್ ಆಫೀಸರ್ ನಾನು. ನಮ್ಮಲ್ಲಿರೋ ಪದ್ಮನಾಭ ಕನ್ನಡಕ ಹಾಕ್ತಾನೆ. ಗುರುವಾರ ನನ್ನನ್ನ ಕರೆಯೋಕೆ ಬಂದಿದ್ದ ಇವರು ಯಾರು?’

ವೆಂಕಟಗಿರಿ ಅವನನ್ನು ನೋಡಿದ. ಅಂಜಿನಯ್ಯನನ್ನು ನೋಡಿದ. ಅಂಪೈರ್ ಬಂದ. ಆಟಗಾರರು ಸುತ್ತುವರಿದರು. ವೆಂಕಟಗಿರಿ ಅಂಜಿನಯ್ಯನ ತೋಳು ಹಿಡಿದು ಪಕ್ಕಕ್ಕೆ ಎಳೆದ. ಜೀವಮಾನದಲ್ಲಿ ಮೊದಲ ಬಾರಿಗೆ ಅವನನ್ನು ಮುಟ್ಟಿದ್ದ.

‘ಅಂಜಿನಿ, ಒಂದೇ ಒಂದು ಚೆಂಡು ಹಾಕಪ್ಪ. ಅವನು ಔಟಾಗ್ಲಿ. ಆಮೇಲೆ ಏನಿದ್ರೂ ಕೂತು ಮಾತಾಡೋಣ.’

‘ಹಾಕಲ್ಲ.’

‘ಹಾಕೋ ಅಂದ್ರೆ!’

‘ಹಾಕಲ್ಲ ಸಾರ್. ಅದು ಪದ್ಮನಾಭನ ಓವರ್. ಕರೀರಿ ಅವನ್ನ. ಅವನೇ ಬಂದು ಮುಗಿಸ್ಲಿ.’

ತೋಳು ಕೊಸರಿಕೊಂಡ. ಬಿಳಿ ಅಂಗಿಯ ಗುಂಡಿ ಬಿಚ್ಚಿದ. ಅಂಗಿಯನ್ನು ವೆಂಕಟಗಿರಿಯ ಕಾಲ ಬಳಿ ಹಾಕಿದ. ಎದೆಯ ಮೇಲಿನ ಹಗ್ಗದ ಗೆರೆ ಎಲ್ಲರಿಗೂ ಕಂಡಿತು. ಚೆಂಡನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡು ಗೇಟಿನ ಕಡೆ ನಡೆದ. ಹಿಂದಿನಿಂದ ಯಾರೋ ಸ್ಟಂಪಿನಿಂದ ಬೆನ್ನಿಗೆ ಬಾರಿಸಿದರು. ಅಂಜಿನಯ್ಯ ತಿರುಗಿ ನಿಂತು ಅವನ ಮುಖ ನೋಡಿದ. ಎರಡನೇ ಏಟು ಬೀಳಲಿಲ್ಲ.

ಮ್ಯಾಚು ಎದುರಿನವರದಾಯಿತು. ಲೀಗಿನವರು ಸುದರ್ಶನ ಕ್ಲಬ್ಬನ್ನು ಎರಡು ವರ್ಷ ಹೊರಗಿಟ್ಟರು. ಹೆಸರು ಬದಲಿಸಿ ಆಡಿದ ಅಂಜಿನಯ್ಯ ಇನ್ನು ಯಾವ ಕ್ಲಬ್ಬಿಗೂ ಆಡುವಂತಿಲ್ಲ ಎಂದರು. ಕಾರ್ಖಾನೆ ಪದ್ಮನಾಭನನ್ನು ಅಮಾನತು ಮಾಡಿ ವಿಚಾರಣೆ ಹೂಡಿತು. ನರಸಮ್ಮನಿಗೆ ಏಳು ಮನೆಯ ಬಾಗಿಲೂ ಒಂದೇ ದಿನ ಮುಚ್ಚಿದವು. ತಾಯಿ ಮಗ ಬಸವೇಶ್ವರನಗರದ ಹೊಸ ರಸ್ತೆಗಳಿಗೆ ಜಲ್ಲಿ ಹೊರಲು ಹೋದರು. ಟಾರಿನ ಹೊಗೆಗೆ ಅಂಜಿನಯ್ಯನ ಎದೆ ಕಟ್ಟುತ್ತಿತ್ತು. ಅಂಗೈ ಬೊಬ್ಬೆ ಎದ್ದು ಒಡೆಯಿತು. ಕೋಪ ಆರಲಿಲ್ಲ. ಪದ್ಮನಾಭನ ಕೆಲಸ ಪೂರ್ತಿ ಹೋಗಿಲ್ಲ, ಅಮಾನತು ಅಷ್ಟೆ ಎನ್ನುವುದು ಅವನಿಗೆ ಗೊತ್ತಿತ್ತು.

ಏಪ್ರಿಲ್ ಕೊನೆಯ ಒಂದು ಸಂಜೆ, ಬಿಸಿಲು ಇನ್ನೂ ಇರುವಾಗ, ಲ್ಯಾಂಬ್ರೆಟಾ ಸ್ಕೂಟರೊಂದು ಕೇರಿಯ ಹತ್ತಿರ ಬಂದು ನಿಂತಿತು. ಮುಂದೆ ರಸ್ತೆ ಇರಲಿಲ್ಲ. ವೆಂಕಟಗಿರಿ, ಪದ್ಮನಾಭ ಇಳಿದು ನಡೆದು ಬಂದರು. ಕರವಸ್ತ್ರ ಮೂಗಿನ ಮೇಲಿತ್ತು. ಕೇರಿಯ ಜನ ಹೊರಗೆ ಬಂದು ನಿಂತರು. ಕೂತ್ಕೊಳ್ಳಿ ಎಂದು ಯಾರೂ ಹೇಳಲಿಲ್ಲ.

ವೆಂಕಟಗಿರಿ ಜೇಬಿನಿಂದ ಟೈಪ್ ಮಾಡಿದ ಕಾಗದ ತೆಗೆದ.

‘ಇದಕ್ಕೊಂದು ಸೈನ್ ಹಾಕಪ್ಪ. ನಾಡಿದ್ದು ವಿಚಾರಣೆ.’

‘ಏನ್ ಬರ್ದಿದೆ?’

‘ಕೊನೇ ಮ್ಯಾಚಲ್ಲಿ ಮಾತ್ರ ನೀನು ಆಡ್ದೆ. ಅದೂ ನೀನಾಗೇ, ಇವನಿಗೆ ಗೊತ್ತಿಲ್ದಂಗೆ. ಅದಕ್ಕಿಂತ ಮುಂಚಿನ ವಿಕೆಟ್ಟೆಲ್ಲಾ ಇವನದ್ದೇ ಅಂತ. ಸೈನ್ ಹಾಕಿದ್ರೆ ನಿಮ್ಮಮ್ಮ ನಾಳೆಯಿಂದ್ಲೇ ಏಳು ಮನೆ ಕೆಲಸಕ್ಕೂ ಬರ್ಬೋದು. ನಿಂಗೂ ಎಲ್ಲಾದ್ರೂ ಪ್ಯೂನ್ ಕೆಲಸ ನೋಡ್ತೀನಿ.’

ಅಂಜಿನಯ್ಯ ತಾಯಿಯ ಕಡೆ ನೋಡಿದ. ನರಸಮ್ಮ ಪದ್ಮನಾಭನ ಕಾಲನ್ನೇ ನೋಡುತ್ತಿದ್ದಳು.

‘ಹಾಕ್ತೀನಿ’ ಎಂದ ಅಂಜಿನಯ್ಯ. ‘ಆದ್ರೆ ಒಂದು ಓವರ್ ಆಗ್ಬೇಕು. ನಾನು ಆರು ಚೆಂಡು ಹಾಕ್ತೀನಿ. ಇವರು ಆರಕ್ಕೂ ನಿಂತ್ಕೊಳ್ಳಲಿ. ನಿಂತ್ರೆ ಸೈನು.’

‘ಇದೆಂಥಾ ಹುಚ್ಚಾಟ!’ ಎಂದು ವೆಂಕಟಗಿರಿ ಕೂಗಿದ. ‘ಪ್ಯಾಡಿಲ್ಲ, ಏನಿಲ್ಲ.’

‘ನನ್ನ ಕಾಲಿಗೂ ಬೂಟಿಲ್ಲ ಸಾರ್.’

ಪದ್ಮನಾಭ ಕನ್ನಡಕ ಒರೆಸಿಕೊಂಡ. ನಾಡಿದ್ದಿನ ವಿಚಾರಣೆ ಅವನ ಮುಖದ ಮೇಲೆಯೇ ಇತ್ತು. ‘ಆಯ್ತು ಬಿಡಿ ಮಾವ. ಆರೇ ತಾನೆ’ ಎಂದ.

ಬಯಲಿನಲ್ಲಿ ನೆಟ್ಟಿದ್ದ ಒಂದು ಸೈಟಿನ ಕಲ್ಲೇ ವಿಕೆಟ್ಟಾಯಿತು. ಯಾರೋ ಹಲಗೆಯಲ್ಲಿ ಕೆತ್ತಿದ ಬ್ಯಾಟು ತಂದುಕೊಟ್ಟರು. ದೊಡ್ಡಹನುಮಯ್ಯನನ್ನು ಚಾಪೆಯ ಸಮೇತ ಎತ್ತಿ ತಂದು ಕೂರಿಸಿದರು. ಅಂಜಿನಯ್ಯ ಒಳಗೆ ಹೋಗಿ ಕೊನೆಯ ಮ್ಯಾಚಿನ ಚೆಂಡನ್ನು ತಂದ. ಹದಿನೆಂಟು ಹೆಜ್ಜೆ ಎಣಿಸಿ, ಹಿಮ್ಮಡಿಯಿಂದ ನೆಲದಲ್ಲಿ ಗೆರೆ ಎಳೆದ.

ಮೊದಲ ಚೆಂಡು ಪದ್ಮನಾಭನ ಕಿವಿಯ ಪಕ್ಕ ಹಾದುಹೋಯಿತು. ಅವನು ಬ್ಯಾಟನ್ನು ಎತ್ತುವ ಹೊತ್ತಿಗೆ ಚೆಂಡು ದೂರದ ಬೇಲಿಯಲ್ಲಿತ್ತು.

ಎರಡನೆಯದು ನೆಲಕ್ಕೆ ಬಡಿದು ಎದ್ದು ಪಕ್ಕೆಗೆ ಬಿತ್ತು. ಒಣಗಿದ ಸೌದೆ ಮುರಿದ ಹಾಗೆ ಸದ್ದಾಯಿತು. ಪದ್ಮನಾಭ ಮಂಡಿಯೂರಿ ಕುಸಿದ. ಕನ್ನಡಕ ಮಣ್ಣಿಗೆ ಬಿತ್ತು. ಹಲಗೆ ಕೈಜಾರಿತು.

‘ಕೊಲೆ ಮಾಡ್ತೀಯೇನೋ! ಪೊಲೀಸಿಗೆ ಕೊಡ್ತೀನಿ!’ ಎಂದು ವೆಂಕಟಗಿರಿ ಮುಂದೆ ನುಗ್ಗಿದ. ಕೇರಿಯ ಗಂಡಸರು ಅಡ್ಡ ನಿಂತರು. ಯಾರೂ ಕೈ ಎತ್ತಲಿಲ್ಲ. ಸುಮ್ಮನೆ ನಿಂತರು. ಅವನು ನಿಂತ.

ಪದ್ಮನಾಭ ಪಕ್ಕೆ ಹಿಡಿದುಕೊಂಡು ಅಳುತ್ತಿದ್ದ. ‘ಸಾಕು ಮಾವ. ಹೋಗೋಣ ಬನ್ನಿ. ಕೆಲಸ ಹೋದ್ರೆ ಹೋಗ್ಲಿ. ಒಂದು ವಿಕೆಟ್ಟೂ ನಂದಲ್ಲ. ಎಲ್ಲಾ ಇವನದ್ದೇ.’

‘ಜೋರಾಗಿ ಹೇಳಿ’ ಎಂದ ಅಂಜಿನಯ್ಯ. ‘ನಮ್ಮ ತಾತಂಗೆ ಕಿವಿ ಕೇಳಾಕಿಲ್ಲ.’

‘ಎಲ್ಲಾ ಇವನದ್ದೇ!’ ಎಂದು ಪದ್ಮನಾಭ ಕಿರುಚಿದ. ‘ನಾನು ಒಂದೂ ತೆಗ್ದಿಲ್ಲ!’

ಮುದುಕ ತಲೆಯಾಡಿಸಿದ. ನರಸಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಸಾಕು ಬಿಡೋ ಎಂದು ಅವಳು ಹೇಳುತ್ತಾಳೆಂದು ಕೆಲವರು ಅವಳ ಕಡೆ ನೋಡಿದರು. ಅವಳು ಹೇಳಲಿಲ್ಲ. ಬಗ್ಗಿ, ಉರುಳಿ ಬಂದು ಅವಳ ಕಾಲ ಬಳಿ ನಿಂತಿದ್ದ ಚೆಂಡನ್ನು ಎತ್ತಿ, ಮಗನ ಕಡೆ ಎಸೆದಳು.

ವೆಂಕಟಗಿರಿ ಅಳಿಯನ ತೋಳು ಹಿಡಿದು ಎಳೆದುಕೊಂಡು ಸ್ಕೂಟರಿನ ಕಡೆ ಓಡುತ್ತಿದ್ದ. ಕಾಗದ ಅಲ್ಲೇ ಬಿದ್ದಿತ್ತು.

ಅಂಜಿನಯ್ಯ ಚೆಂಡನ್ನು ತೊಡೆಗೆ ತಿಕ್ಕಿದ. ತಾನು ಎಳೆದ ಗೆರೆಗೆ ವಾಪಸು ಹೋಗಿ ನಿಂತ.

‘ಸಾರ್, ನಿಂತ್ಕೊಳ್ಳಿ!’ ಎಂದು ಕೂಗಿದ. ‘ಓವರ್ ಮುಗ್ದಿಲ್ಲ. ಇನ್ನೂ ನಾಕು ಚೆಂಡಿದೆ!’

ಸ್ಕೂಟರು ಮೊದಲ ಒದೆತಕ್ಕೆ ಸ್ಟಾರ್ಟ್ ಆಗಲಿಲ್ಲ. ಎರಡನೆಯದಕ್ಕೂ ಆಗಲಿಲ್ಲ.

ಅಂಜಿನಯ್ಯ ಓಡಲು ಶುರು ಮಾಡಿದ.